ಐದು ನಿಮಿಷದ ಕೈ

ಫೆಬ್ರವರಿ ೬

ಅಪ್ಪ,

ನಿನ್ನ ಕಾಗದ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿ ಯಾವುದೋ ಎರಡನೇ ಕ್ಲಾಸಿನ ಮಗು ಬರೆದದ್ದು, ವಿಳಾಸ ತಪ್ಪಿ ಇಲ್ಲಿಗೆ ಬಂದಿದೆ ಅಂದುಕೊಂಡೆ. ಒಳಗೆ ಓದಿದ ಮೇಲೂ ಹಾಗೆಯೇ ಅನಿಸಿತು. ಬೇಜಾರಾದರೆ ಆಗಲಿ, ಇದ್ದದ್ದು ಹೇಳುತ್ತಿದ್ದೇನೆ.

ಮೂರು ವರ್ಷದಲ್ಲಿ ಇದು ನಿನ್ನ ಮೊದಲ ಕಾಗದ. ನಾಲ್ಕು ಸಾಲು. ಕೈಗೆ ಪೆಟ್ಟಾಗಿತ್ತು, ಈಗ ಪರವಾಗಿಲ್ಲ. ವಿಡಿಯೋ ಗೇಮ್ ಆಡುವುದಕ್ಕೆ ಒಂದು ಎಚ್‌ಡಿ ಟಿವಿ ಬೇಕು. ಬೆಲೆ ನಮ್ಮಂಥವರಿಗೆ ಎಟುಕುವಂತಿರಬೇಕು. ನೀನು ಟಿವಿ ಅಂಗಡಿಯಲ್ಲಿದ್ದೀಯಂತೆ, ನಿನ್ನ ಅತ್ತೆ ಹೇಳಿದಳು.

ಯಾವ ಕೈ? ಪೆಟ್ಟು ಅಂದರೆ ಎಂಥ ಪೆಟ್ಟು? ಆಡುವವರು ಯಾರು? ನೀನು ಗೇಮ್ ಆಡುವುದನ್ನು ನನಗೆ ಊಹಿಸಲೂ ಆಗುವುದಿಲ್ಲ. ಬಂದರಿನ ಕ್ರೇನ್ ಬಂದು ಕುಂಟೆಬಿಲ್ಲೆ ಆಡಿದ ಹಾಗೆ.

ಕೇಳೋಣ ಅಂತ ಫೋನ್ ಮಾಡಿದೆ. ನೀನು "ಯಾರು? ಯಾರು?" ಅಂದೆ. ನಾನು "ನಾನು ಅಪ್ಪ, ನಾನು" ಅಂತ ಕಿರುಚಿದೆ. ನೀನು "ಬೇಡಪ್ಪ, ನಮ್ಮನೇಲಿದೆ" ಅಂತ ಇಟ್ಟುಬಿಟ್ಟೆ. ಏನನ್ನು ಮಾರಲು ಬಂದವಳು ಅಂದುಕೊಂಡೆಯೋ. ಇಪ್ಪತ್ತಾರು ವರ್ಷ ಆ ಕ್ರೇನಿನ ಎಂಜಿನ್ನಿನ ಪಕ್ಕ ಕೂತವನ ಕಿವಿ. ಇನ್ನು ಫೋನ್ ಮಾಡುವುದಿಲ್ಲ, ಬರೆಯುತ್ತೇನೆ.

ಇದು ನನ್ನ ನಾಲ್ಕನೇ ಕೆಲಸ. ಒಂದು ಗೋಡೆಯ ತುಂಬ ಇಪ್ಪತ್ತೆರಡು ಟಿವಿ. ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತೆರಡರಲ್ಲೂ ಒಂದೇ ಕಿತ್ತಳೆ ಮೀನು ಈಜುತ್ತಿರುತ್ತದೆ. ಸ್ಕೂಲಿನಲ್ಲಿ ಕೂರಲಾಗದವಳಿಗೆ ಇಲ್ಲಿ ನಿಂತೇ ಇರಬಹುದು. ಅದೊಂದು ಸುಖ.

ಬರೆದು ತಿಳಿಸು: ಕೂರುವ ಜಾಗಕ್ಕೂ ಗೋಡೆಗೂ ಎಷ್ಟು ದೂರ? ಗೇಮಿನ ಯಂತ್ರ ಹಳೆಯದೋ ಹೊಸದೋ? ಎಷ್ಟರೊಳಗೆ ಆಗಬೇಕು?

ನಿನ್ನ ಮಗಳು
ಚಕ್ರ

(ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ನೀನೇ ಇಟ್ಟ ಹೆಸರು. ಮರೆತಿದ್ದರೆ ಇರಲಿ ಅಂತ ಬರೆದೆ.)


ಫೆಬ್ರವರಿ ೧೫

ಚಕ್ರಾ,

ಬಲಗೈ. ಅಕ್ಟೋಬರಿನಲ್ಲಿ ಕ್ರೇನಿನ ಕ್ಯಾಬಿನ್ನಿನ ಕಬ್ಬಿಣದ ಬಾಗಿಲು ಗಾಳಿಗೆ ಬಡಿಯಿತು, ಕೈ ನಡುವೆ ಇತ್ತು. ನರ ಹೊಲಿದಿದ್ದಾರೆ. ನಿನಗೆ ಹೇಳಬೇಡ ಅಂತ ನಿನ್ನ ಅತ್ತೆಗೆ ನಾನೇ ಹೇಳಿದ್ದು.

ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಎರಡು ಔಷಧ ಕೊಟ್ಟಿದ್ದಾರೆ. ಒಂದು, ಆ ಕೈಯಲ್ಲೇ ಕಾಗದ ಬರೆಯಬೇಕು. ಯಾರಿಗೆ ಅಂದೆ. ಯಾರೂ ಇಲ್ವಾ ಅಂದರು. ಎರಡು, ಗೇಮ್. ಅವರ ಮಗ ಹಳೆಯದಾಯಿತು ಅಂತ ಬಿಟ್ಟಿದ್ದ ಯಂತ್ರ ಕೊಟ್ಟಿದ್ದಾರೆ. ಅದರಲ್ಲಿ ಒಂದು ಇರುವೆ ಕಾಳು ಹೊತ್ತುಕೊಂಡು ತೇಲುವ ಹಲಗೆಗಳ ಮೇಲೆ ಹಾರುತ್ತ ನದಿ ದಾಟಬೇಕು. ಸರಿಯಾದ ಹೊತ್ತಿಗೆ ಗುಂಡಿ ಒತ್ತದಿದ್ದರೆ ನೀರಿಗೆ.

ಏಪ್ರಿಲ್ ೨೮ಕ್ಕೆ ಬಂದರಿನಲ್ಲಿ ಕೈ ಪರೀಕ್ಷೆ. ಎರಡು ಗಂಟೆ ಲಿವರ್ ಹಿಡಿಯಬೇಕು, ಒಂದು ತಪ್ಪೂ ಆಗಬಾರದು. ಪಾಸಾದರೆ ಕ್ಯಾಬಿನ್ ಮತ್ತೆ ನನ್ನದು. ಆಗದಿದ್ದರೆ ಗೇಟಿನಲ್ಲಿ ಕೂರಿಸುತ್ತಾರೆ. ಅದಕ್ಕೆ ಟಿವಿ. ಎರಡು ಗಂಟೆ ಇರುವೆಯನ್ನು ಬೀಳಿಸದೆ ಆಡಿದರೆ ಪರೀಕ್ಷೆಗೆ ಹೋಗುತ್ತೇನೆ. ಇಲ್ಲದಿದ್ದರೆ ಹೋಗುವುದಿಲ್ಲ.

ಮಂಚದಿಂದ ಗೋಡೆಗೆ ಆರು ಅಡಿ. ನನ್ನ ಹತ್ತಿರ ಇರುವುದು ಎಷ್ಟು ಅಂತ ಹಿಂದುಗಡೆ ಬರೆದಿದ್ದೇನೆ.

ಈಚೆಗೆ ಕೈ ಇರುವ ಮಾತನ್ನೆಲ್ಲ ನೋಡಿಕೊಂಡು ಆಡಬೇಕಾಗಿದೆ. ಮೊನ್ನೆ ನಿನ್ನ ಅತ್ತೆ ನೀರಿನ ಪಂಪು ಕೈ ಕೊಟ್ಟಿತು ಅಂದಳು, ಅಂದು ನಾಲಿಗೆ ಕಚ್ಚಿಕೊಂಡಳು.

ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ಅಪ್ಪ


ಫೆಬ್ರವರಿ ೨೪

ಅಪ್ಪ,

ಟಿವಿ ಆರಿಸಿದ್ದೇನೆ. ಯಾಕೆ ಅಂತ ಪೂರ್ತಿ ಬರೆಯುತ್ತೇನೆ. ಕ್ರೇನಿನ ಬಗ್ಗೆ ನೀನು ಚಿಕ್ಕಂದಿನಲ್ಲಿ ನನಗೆ ಹೇಳುತ್ತಿದ್ದೆಯಲ್ಲ, ಹಾಗೆ.

ಗಿರಾಕಿಗಳು ಬಂದವರೇ ಚಿತ್ರ ನೋಡುತ್ತಾರೆ. ಗೇಮಿಗೆ ಚಿತ್ರಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಅದಕ್ಕೆ ನಮ್ಮ ಅಂಗಡಿಯಲ್ಲಿ "ತಡ" ಅನ್ನುತ್ತಾರೆ. ನೀನು ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಇರುವೆ ಹಾರಿದ್ದಕ್ಕೂ ನಡುವಿನ ಹೊತ್ತು. ಟಿವಿ ಪ್ರತಿ ಚಿತ್ರವನ್ನೂ ಹೊರಗೆ ಬಿಡುವ ಮೊದಲು ಒಳಗೆ ಕೂರಿಸಿಕೊಂಡು ಸಿಂಗರಿಸುತ್ತದೆ. ಬಣ್ಣ ಹಚ್ಚುತ್ತದೆ, ಅಂಚು ತಿದ್ದುತ್ತದೆ. ಅಷ್ಟರಲ್ಲಿ ಹೊತ್ತಾಗಿರುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆಡುವವರಿಗೆ ಗೊತ್ತಾಗುತ್ತದೆ. ಅದಕ್ಕೇ ಗೇಮ್ ಮೋಡ್ ಅಂತ ಒಂದಿದೆ. ಸಿಂಗಾರ ಬೇಡ, ಇದ್ದ ಹಾಗೇ ಹೊರಗೆ ಬಾ ಅಂತ ಚಿತ್ರಕ್ಕೆ ಹೇಳುವುದು. ನೋಡಲು ಸ್ವಲ್ಪ ಮಂಕು. ಆದರೆ ತಡ ಇಲ್ಲ.

ಹಿಂದುಗಡೆ ಬರೆದದ್ದು ನೋಡಿದೆ. ಅಷ್ಟಕ್ಕೆ ಹೊಸದರಲ್ಲಿ ಎರಡು ಸಿಗುತ್ತವೆ. ಮೊದಲನೆಯದರ ಡಬ್ಬದ ಮೇಲೆ ನೂರಿಪ್ಪತ್ತು ಅಂತ ದಪ್ಪಕ್ಷರದಲ್ಲಿದೆ, ಒಳಗಿನ ಪರದೆ ಅರವತ್ತರದ್ದು. ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ ಅದು. ಸುಳ್ಳು ಬರೆದ ಡಬ್ಬ ನಿನ್ನ ಮನೆಗೆ ಬೇಡ. ಎರಡನೆಯದರಲ್ಲಿ ಗೇಮ್ ಮೋಡೇ ಇಲ್ಲ. ಇನ್ನು ಅದಕ್ಕಿಂತ ದೊಡ್ಡ ಪರದೆ, ನಾಲ್ಕು ಪಟ್ಟು ಚುಕ್ಕಿ ಇರುವಂಥದ್ದು, ಆರು ಅಡಿ ದೂರಕ್ಕೆ, ಹಳೆಯ ಯಂತ್ರಕ್ಕೆ ವ್ಯರ್ಥ.

ಆದ್ದರಿಂದ ಗೋಡೆಯಿಂದ ಒಂದನ್ನು ಇಳಿಸಿದೆ. ಮೂವತ್ತೆರಡು ಇಂಚು, ಎಡಗಡೆಯಿಂದ ಏಳನೆಯದು. ಹೊಸದಾಗಿದ್ದರೆ ನಿನಗೆ ಎಟುಕುತ್ತಿರಲಿಲ್ಲ. ಹತ್ತು ತಿಂಗಳು ಮೀನು ತೋರಿಸಿದ ಸೆಟ್ಟು, ಅದಕ್ಕೇ ಅಗ್ಗ. ಮುಚ್ಚಿಡುವುದಿಲ್ಲ. ಗೇಮಿನ ಯಂತ್ರ ಹಚ್ಚಿದೊಡನೆ ಇದು ತಾನಾಗಿಯೇ ಗೇಮ್ ಮೋಡಿಗೆ ಹೋಗುತ್ತದೆ, ನೀನು ಏನನ್ನೂ ಮುಟ್ಟಬೇಕಿಲ್ಲ. ತಡ ಎಷ್ಟು ಅಂತ ನಾನೇ ಅಳೆದೆ. ನನ್ನ ಬೆರಳು, ಪರದೆ ಎರಡೂ ಕಾಣುವಂತೆ ಫೋನಿನಲ್ಲಿ ನಿಧಾನದ ವಿಡಿಯೋ ತೆಗೆದು, ಒಂದೊಂದೇ ಚಿತ್ರ ಎಣಿಸಿದೆ. ಎರಡು ನಿಮಿಷದ ಕೆಲಸ. ತಡ ಇಲ್ಲವೆಂದರೆ ಇಲ್ಲ.

ಗೋಡೆಯ ಮೇಲಿದ್ದಾಗ ಇವೆಲ್ಲ ಅಂಗಡಿ ಮೋಡಿನಲ್ಲಿರುತ್ತವೆ. ಗಿರಾಕಿ ಎಷ್ಟೇ ತಿರುಚಿ ಮಂಕು ಮಾಡಿ ಹೋದರೂ ಐದು ನಿಮಿಷಕ್ಕೆ ತಾವೇ ಮತ್ತೆ ಧಗಧಗ ಉರಿಯುತ್ತವೆ. ರಿಪೇರಿ ನೋಡಿಕೊಳ್ಳುವ ಹಿರಿಯರಿದ್ದಾರೆ, ಏನು ಕೇಳಿದರೂ ಪಾಠ ಮಾಡುವುದರಿಂದ ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. ಅವರು ಈ ಟಿವಿಗಳಿಗೆ ಮರೆಗುಳಿಗಳು ಅಂತ ಹೆಸರಿಟ್ಟಿದ್ದಾರೆ.

"ಯಾರಿಗಮ್ಮ ಇದು?" ಅಂದರು.

"ನಮ್ಮಪ್ಪನಿಗೆ ಸಾರ್."

"ಆಡೋರು?"

"ಅವರೇ. ಐವತ್ತೆರಡು ವಯಸ್ಸು."

"ಹಾಗಾದ್ರೆ ನಿನಗಿಂತ ಚಿಕ್ಕೋರು ಬಿಡು."

ಮಾರನೇ ದಿನ ಅವರು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆ ಸೇರಿದರು. ಅಲ್ಲಿಂದಲೇ ಫೋನ್ ಮಾಡಿದ್ದರು. "ಟಿವಿ ಮನೆಗೆ ಹಾಕಿದ್ಯಾ?" ಅಂದರು. "ಹಾಕಾಯ್ತು ಸಾರ್, ಲಾರಿಯವನಿಗೆ ಕೊಟ್ಟಾಯ್ತು" ಅಂದೆ. ಕಣ್ಣು ಕಟ್ಟಿಸಿಕೊಂಡು ಮಲಗಿದ್ದರೂ ನಿನ್ನ ಟಿವಿಯ ಚಿಂತೆ.

ಅಸಲಿ ರಿಮೋಟ್ ಹುಡುಕಿದೆ, ಸಿಗಲಿಲ್ಲ. ಅದೇ ಕಂಪನಿಯ ಸಾದಾ ರಿಮೋಟ್ ಹಾಕಿದ್ದೇನೆ. ಗುಂಡಿ ಕಡಿಮೆ, ನಿನ್ನ ಕೈಗೆ ಒಳ್ಳೆಯದೇ ಆಯಿತು.

ಏಪ್ರಿಲ್ ೨೮ಕ್ಕೆ ಒಂಬತ್ತು ವಾರ ಇದೆ.

ಚಕ್ರ


ಮಾರ್ಚ್ ೧೨

ಚಕ್ರಾ,

ಟಿವಿ ಬಂತು. ಒಡೆದಿಲ್ಲ. ಗೋಡೆಗೆ ಮೊಳೆ ಹೊಡೆಯಲು ಎಡಗೈ ಸಾಕಾಯಿತು.

ಚಿತ್ರ ಚೆನ್ನಾಗಿದೆ. ಹಚ್ಚಿದಾಗ ಮಂಕಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಬೆಳಕಾಗುತ್ತದೆ. ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂತ ಕಾಣುತ್ತದೆ, ನಮ್ಮ ಕ್ರೇನಿನ ಎಂಜಿನ್ನಿನ ಹಾಗೆ. ಆ ಬೆಳಕಿಗೆ ನಿನ್ನ ಅತ್ತೆ ಕೆಳಗಿನಿಂದ ಓಡಿ ಬಂದು, "ಏನೋ ಇದು, ಮನೆಗೆ ಬೆಂಕಿ ಬಿದ್ದ ಹಾಗಿದೆ" ಅಂದಳು. ಆಮೇಲೆ ಅರ್ಧ ಗಂಟೆ ಕೂತು ಇರುವೆ ನೀರಿಗೆ ಬೀಳುವುದನ್ನು ನೋಡಿದಳು. "ಪಾಪ, ಅದರ ಕಾಳಾದರೂ ಇಳಿಸಬಾರದಾ?" ಅಂದಳು.

ದಿನಾ ಆಡುತ್ತೇನೆ.

ಅಪ್ಪ


ಮಾರ್ಚ್ ೨೫

ಅಪ್ಪ,

ಟಿವಿ ಎಂಜಿನ್ ಅಲ್ಲ, ಬಿಸಿಯಾಗಬೇಕಿಲ್ಲ. ನಿನ್ನ ಕಾಗದ ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಕೋಣೆ ಕತ್ತಲೆ ಇರಬೇಕು, ಕಣ್ಣಿಗೆ ಹಾಗೆ ಕಾಣುತ್ತದೆ. ಮೇಷ್ಟ್ರು ಇದ್ದಿದ್ದರೆ ಅವರಿಗೂ ಓದಿ ಹೇಳುತ್ತಿದ್ದೆ. ಅವರಿಗೆ ಎರಡನೇ ಕಣ್ಣಿನದೂ ಆಗಬೇಕಂತೆ, ಇನ್ನೂ ಬಂದಿಲ್ಲ.

ಮೊನ್ನೆ ಗಂಡ ಹೆಂಡತಿ ಇಬ್ಬರು ಬಂದಿದ್ದರು. ನೂರಿಪ್ಪತ್ತರ ಡಬ್ಬ ತೋರಿಸಿ ಇದು ನಿಜವಾ ಅಂದರು. ಅಲ್ಲ, ಅರವತ್ತು ಅಂದೆ. ಅವರು ಹೊರಟುಹೋದರು. ಮಾಲೀಕರು ಒಳಗೆ ಕರೆದರು.

"ನಿನ್ನ ಬಾಯಿಗೆ ಬೀಗ ಯಾವಾಗ ಹಾಕ್ತೀಯ?"

"ಕೀಲಿ ಕಳೆದುಹೋಗಿದೆ ಸಾರ್."

"ಕೆಲಸಾನೂ ಕಳೆದುಹೋಗುತ್ತೆ, ನೋಡ್ತಿರು."

ನಿನಗೆ ಇದನ್ನು ಯಾಕೆ ಬರೆದೆ ಅಂದರೆ, ಸ್ಕೂಲಿನಲ್ಲೂ ಹೀಗೇ ಆಗಿದ್ದು. ಪರೀಕ್ಷೆಯಲ್ಲಿ ಇಡೀ ಕ್ಲಾಸು ನಕಲು ಮಾಡಿತ್ತು. ಹೆಡ್‌ಮಾಸ್ಟರು ಹಿಡಿದದ್ದು ನನ್ನ ಪಕ್ಕದವಳನ್ನು. ನಾನು ಎದ್ದು ನಿಂತು ನಾನೂ ಬರೆದಿದ್ದೆ ಸಾರ್ ಅಂದೆ. ಅವಳನ್ನು ಬಿಟ್ಟು ನನ್ನನ್ನು ಸ್ಕೂಲಿನಿಂದ ಹೊರಗೆ ಕಳಿಸಿದರು. ಮತ್ತೆ ಹೋಗಿ ಕ್ಷಮೆ ಕೇಳು ಅಂದೆ ನೀನು, ನಾನು ಹೋಗಲಿಲ್ಲ. ಆಗ ನೀನು ಅಂದದ್ದು: "ಕೇಳದೇ ಇದ್ದದ್ದನ್ನ ಹೇಳೋದು ಸತ್ಯ ಅಲ್ಲ, ಚಟ." ಆ ಮಾತು ಇನ್ನೂ ಹೊಟ್ಟೆಯಲ್ಲಿದೆ. ಸಿಟ್ಟಿಲ್ಲ. ಇದೆ ಅಷ್ಟೆ.

ಕೈ ಹೇಗಿದೆ ಅಂತ ನೀನು ಬರೆಯಲೇ ಇಲ್ಲ. ಎಷ್ಟು ಹೊತ್ತು ಆಡುತ್ತೀಯ? ಇರುವೆ ಎಲ್ಲಿಯವರೆಗೆ ಹೋಯಿತು?

ಚಕ್ರ


ಮೇ ೨

ಚಕ್ರಾ,

ನಿನ್ನ ಮಾರ್ಚಿನ ಕಾಗದಕ್ಕೆ ಉತ್ತರ ಬರೆದಿರಲಿಲ್ಲ. ಏಪ್ರಿಲಿನದಕ್ಕೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ನಾನು ಪರೀಕ್ಷೆಗೆ ಹೋಗಲಿಲ್ಲ. ೨೬ಕ್ಕೇ ಆಫೀಸಿಗೆ ಹೋಗಿ ಗೇಟಿನ ಕೆಲಸದ ಕಾಗದಕ್ಕೆ ಸಹಿ ಹಾಕಿ ಬಂದೆ. ಗುಮಾಸ್ತರು ಎರಡು ದಿನ ನೋಡಬಹುದಿತ್ತಲ್ಲ ಅಂದರು. ನೋಡಿ ಆಗಿದೆ ಅಂದೆ.

ದಿನಾ ನೋಡಿದ್ದೇನೆ, ಗಡಿಯಾರ ಇಟ್ಟುಕೊಂಡು. ಐದು ನಿಮಿಷ ಕೈ ನನ್ನದು. ಆಮೇಲೆ ಯಾರದೋ. ಗುಂಡಿ ಒತ್ತಿದರೆ ಇರುವೆ ಹಾರುತ್ತದೆ, ಆದರೆ ಒಂದು ಚೂರು ಬಿಟ್ಟು ಹಾರುತ್ತದೆ. ಅಷ್ಟರಲ್ಲಿ ಹಲಗೆ ಹೋಗಿರುತ್ತದೆ. ಆರಿಸಿ, ಕೈ ಒರೆಸಿಕೊಂಡು, ಮತ್ತೆ ಹಚ್ಚಿದರೆ ಮತ್ತೆ ಐದು ನಿಮಿಷ. ವಿಚಿತ್ರ ಅಂದರೆ ನಾಲ್ಕೂ ಅಲ್ಲ, ಆರೂ ಅಲ್ಲ. ಟಿವಿಗೆ ಬಿಸಿಯೇರಿ ಬೆಳಕಾಗುವ ಹೊತ್ತಿಗೆ ಸರಿಯಾಗಿ ನನ್ನ ಕೈ ತಣ್ಣಗಾಗುತ್ತದೆ.

ಕ್ಯಾಬಿನ್ನಿನಲ್ಲಿ ಒಂದು ಚೂರು ತಡ ಅಂದರೆ ಏನು ಅಂತ ನಿನಗೆ ಚಿಕ್ಕಂದಿನಲ್ಲೇ ಹೇಳಿದ್ದೇನೆ. ಕೊಕ್ಕೆಯ ಕೆಳಗೆ ಮನುಷ್ಯರಿರುತ್ತಾರೆ. ಐದು ನಿಮಿಷದ ಕೈ ಇಟ್ಟುಕೊಂಡು ಎರಡು ಗಂಟೆ ಕೂರುತ್ತೇನೆ ಅಂತ ಹೋಗಲು ಮುಖ ಇರಲಿಲ್ಲ.

ಗೇಟಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಕಂಬ ಮೇಲೇಳುತ್ತದೆ. ತಡವಾದರೂ ಯಾರೂ ಸಾಯುವುದಿಲ್ಲ.

ನೀನು ಒಳ್ಳೆಯ ಟಿವಿ ಆರಿಸಿದೆ. ಅದಿಲ್ಲದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ.

ಅಪ್ಪ


ಮೇ ೮

ಅಪ್ಪ,

ನಿನ್ನ ಕಾಗದವನ್ನು ಗೋಡೆಯ ಎದುರು ನಿಂತು ಓದಿದೆ. ಐದು ನಿಮಿಷ ಅನ್ನುವಲ್ಲಿಗೆ ಬಂದಾಗ ಒಂದು ಸಲ ತಲೆಯೆತ್ತಿ ಮೀನು ನೋಡಿದೆ. ಆಮೇಲೆ ಉಳಿದದ್ದು ಓದಿದೆ.

ನೇರವಾಗಿ ಬರೆಯುತ್ತೇನೆ. ನಿನ್ನ ಟಿವಿ ಇನ್ನೂ ಅಂಗಡಿ ಮೋಡಿನಲ್ಲಿದೆ. ಯಂತ್ರ ಹಚ್ಚಿದಾಗ ಅದು ಗೇಮ್ ಮೋಡಿಗೆ ಹೋಗುತ್ತದೆ, ಮಂಕಾಗುತ್ತದೆ, ತಡ ಇರುವುದಿಲ್ಲ. ಐದು ನಿಮಿಷಕ್ಕೆ ಅಂಗಡಿ ಮೋಡ್ ಎಚ್ಚೆತ್ತು ಎಲ್ಲವನ್ನೂ ಅಳಿಸಿ ಮತ್ತೆ ಸಿಂಗಾರಕ್ಕೆ ಕೂರಿಸುತ್ತದೆ. ಬೆಳಕಾಗುತ್ತದೆ. ತಡವೂ ಆಗುತ್ತದೆ. ನೀನು ಬಿಸಿಯೇರಿತು ಅಂದುಕೊಂಡದ್ದು ಅದೇ. ನೀನು ಮಾರ್ಚಿನಲ್ಲೇ ಬರೆದಿದ್ದೆ. ನಾನು ನಕ್ಕಿದ್ದೆ.

ಮರೆಗುಳಿಗಳು ಅಂತ ನಾನೇ ನಿನಗೆ ಬರೆದಿದ್ದೆ, ಐದು ನಿಮಿಷ ಅಂತಲೂ ಬರೆದಿದ್ದೆ. ಗೋಡೆಯಿಂದ ಇಳಿಸಿದರೆ, ಪ್ಲಗ್ ಕಿತ್ತರೆ ಅದು ಹೋಗುತ್ತದೆ ಅಂತ ಅಂದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ಅಳೆದದ್ದು ಎರಡು ನಿಮಿಷ. ಆರು ನಿಮಿಷ ಅಳೆದಿದ್ದರೆ ಸಿಕ್ಕುತ್ತಿತ್ತು. ನಾನು ಎಲ್ಲೂ ಅಷ್ಟು ಹೊತ್ತು ನಿಲ್ಲುವವಳಲ್ಲ, ನಿನಗೆ ಗೊತ್ತು.

ಮೇಷ್ಟ್ರು ವಾಪಸ್ ಬಂದಿದ್ದಾರೆ, ಕಪ್ಪು ಕನ್ನಡಕ ಹಾಕಿಕೊಂಡು. ಅವರಿಗೆ ಹೇಳಿದೆ.

"ಮನೆಗೆ ಹಾಕಿದ್ಯಾ ಅಂತ ಅವತ್ತೇ ಕೇಳಿದೆನಲ್ಲಮ್ಮ" ಅಂದರು.

"ಹಾಕಿದೆನಲ್ಲ ಸಾರ್, ಲಾರಿಗೆ."

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಟಿವಿಯ ಒಳಗೆ ಒಂದು ಆಯ್ಕೆ ಇದೆ: ಬಳಸುವ ಜಾಗ, ಅಂಗಡಿಯೋ ಮನೆಯೋ ಅಂತ. ಅದನ್ನು ಮನೆಗೆ ಹಾಕು ಅಂತ ಅವರು ಹೇಳಿದ್ದು. ನಾನು ಮನೆಗೆ ಕಳಿಸಿದೆ.

ಈಗ ಹೀಗೆ ಮಾಡು. ರಿಮೋಟಿನಲ್ಲಿ ಹಲ್ಲುಚಕ್ರದ ಚಿತ್ರ ಇರುವ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿ. ಒಂದು ಪಟ್ಟಿ ಬರುತ್ತದೆ. ಕೊನೆಯ ಸಾಲಿನಲ್ಲಿ "ಅಂಗಡಿ" ಅಂತ ಇರುತ್ತದೆ, ಅದನ್ನು "ಮನೆ" ಮಾಡು. ಆಮೇಲೆ ಇರುವೆಯನ್ನು ಆಡು. ಎರಡು ಗಂಟೆ.

ನಿನ್ನ ಕೈ ನಿನ್ನದೇ ಇರಬಹುದು. ಇರಬಹುದು ಅಷ್ಟೆ, ಗೊತ್ತಿಲ್ಲದ್ದನ್ನು ಗೊತ್ತು ಅನ್ನುವುದಿಲ್ಲ. ಆಡಿ ನೋಡಿ ಬರೆ.

ಚಕ್ರ


ಮೇ ೧೭

ಚಕ್ರಾ,

ನಿನ್ನ ಕಾಗದ ಸಿಕ್ಕಿತು. ನೀನು ಹೇಳಿದ ಹಾಗೇ ಮಾಡಿದೆ. ಹಲ್ಲುಚಕ್ರದ ಗುಂಡಿ ಹತ್ತು ಎಣಿಸುವವರೆಗೆ ಒತ್ತಿದೆ. ಪಟ್ಟಿ ಬಂತು. ಮನೆ ಮಾಡಿದೆ.

ಆಡಿದೆ. ಮೊದಲಿನ ಹಾಗೇ ಇದೆ. ಐದು ನಿಮಿಷ, ಆಮೇಲೆ ತಡ. ಆದ್ದರಿಂದ ನಿನ್ನ ಟಿವಿಯದು ಏನೂ ತಪ್ಪಿಲ್ಲ. ನಿನ್ನದೂ ಇಲ್ಲ. ಕೈ ಕೊಟ್ಟದ್ದು ಕೈಯೇ.

ನೀನು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಮಾಲೀಕರ ಜೊತೆ ಬಾಯಿ ಜೋರು ಮಾಡಬೇಡ. ಗೇಟಿನಲ್ಲಿ ಕುರ್ಚಿ ಇದೆ, ಫ್ಯಾನಿದೆ. ಲಾರಿಯವರೆಲ್ಲ ನಮಸ್ಕಾರ ಹೇಳಿ ಹೋಗುತ್ತಾರೆ. ಚೆನ್ನಾಗಿದ್ದೇನೆ.

ನಿನ್ನ ಅತ್ತೆ ಕೇಳಿದಳು ಅಂತ ತಿಳಿಸಲು ಹೇಳಿದಳು.

ನಿನ್ನ ಪ್ರೀತಿಯ
ಅಪ್ಪ


ಜೂನ್ ೩

ಅಪ್ಪ,

ನಿನ್ನ ರಿಮೋಟಿನಲ್ಲಿ ಹಲ್ಲುಚಕ್ರದ ಗುಂಡಿ ಇಲ್ಲ.

ನಾನು ಬರೆಯುವಾಗ ಮರೆತಿದ್ದೆ. ಮೇಷ್ಟ್ರು ಗೋಡೆಯ ಟಿವಿಯ ರಿಮೋಟ್ ಹಿಡಿದು ಹೇಳಿದ್ದನ್ನು ಹಾಗೇ ಬರೆದುಬಿಟ್ಟೆ. ನಿನಗೆ ಕಳಿಸಿದ್ದು ಸಾದಾ ರಿಮೋಟ್ ಅನ್ನುವುದು ತಲೆಗೇ ಬರಲಿಲ್ಲ. ನಿನ್ನೆ ಮಾಲೀಕರ ಮೇಜಿನ ಡ್ರಾಯರಿನಲ್ಲಿ ಬ್ಯಾಟರಿ ಹುಡುಕುವಾಗ ಏಳನೇ ಟಿವಿಯ ಅಸಲಿ ರಿಮೋಟ್ ಸಿಕ್ಕಿತು. ಮೇಲೆ ಬಿಳಿ ಕಾಗದ ಅಂಟಿಸಿ ಏಳು ಅಂತ ಬರೆದಿದೆ. ಅದನ್ನು ಹಿಡಿದುಕೊಂಡು ನಿಂತಿದ್ದೆ. ಒಬ್ಬ ಗಿರಾಕಿ ಬಂದು ಮೂವತ್ತೆರಡು ಇಂಚಿಂದು ಎಷ್ಟು ಅಂದರು. ಹೇಳಿದೆ. ಸರಿಯಾಗೇ ಹೇಳಿದೆ ಅಂತ ಕಾಣುತ್ತದೆ, ಅವರು ಕೊಂಡುಕೊಂಡರು.

ನೀನು ಇಲ್ಲದ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿದ್ದೀಯ. ಬರದ ಪಟ್ಟಿಯನ್ನು ಓದಿದ್ದೀಯ. ನಿನ್ನ ಪ್ರೀತಿಯ ಅಪ್ಪ ಅಂತ ಬರೆದಿದ್ದೀಯ. ನೀನು ಹಾಗೆ ಯಾವತ್ತೂ ಬರೆಯುವವನಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನನಗೆ ಅಳು ಬರಲಿಲ್ಲ. ಬರುತ್ತದೇನೋ ಅಂತ ಕಾದೆ. ಗೋಡೆಯಲ್ಲಿ ಮೀನು ಎಡದಿಂದ ಬಲಕ್ಕೆ ಹೋಯಿತು, ಇಪ್ಪತ್ತೆರಡರಲ್ಲೂ. ಏಳನೇ ಜಾಗಕ್ಕೆ ಬೇರೆ ಟಿವಿ ಬಂದಿದೆ.

ಅಸಲಿ ರಿಮೋಟ್ ಈ ಕಾಗದದ ಜೊತೆ ಇದೆ. ಮಾಲೀಕರನ್ನು ಕೇಳಿಯೇ ತೆಗೆದುಕೊಂಡೆ, ಕಾರಣವನ್ನೂ ಹೇಳಿದೆ. ಹೊಸ ಬ್ಯಾಟರಿ ಹಾಕಿದ್ದೇನೆ. ಹಲ್ಲುಚಕ್ರ ಬಲಗಡೆ, ಮೇಲಿನಿಂದ ಎರಡನೇ ಸಾಲಿನಲ್ಲಿದೆ.

ನನಗೆ ಸಮಾಧಾನ ಬೇಡ ಅಪ್ಪ. ನಾನು ನಿನ್ನ ಕ್ಯಾಬಿನ್ ಕಳೆದೆನೋ ಇಲ್ಲವೋ, ಅದು ಗೊತ್ತಾಗಬೇಕು. ಗೊತ್ತಾಗದೆ ಇದ್ದರೆ ನಾನು ಇನ್ನೊಬ್ಬರಿಗೆ ಟಿವಿ ಆರಿಸಿಕೊಡಲಾರೆ. ಅಳೆದು ತಿಳಿಸು. ಈ ಸಲ ನಾನು ಕೇಳುತ್ತಿದ್ದೇನೆ.

ಚಕ್ರ


ಜೂನ್ ೨೯

ಚಕ್ರಾ,

ರಿಮೋಟ್ ಬಂದು ಮೂರು ವಾರ ಆಯಿತು. ಟಿವಿಯ ಕೆಳಗೆ ಇಟ್ಟಿದ್ದೆ.

ಹೌದು, ಹಳೆಯದರಲ್ಲಿ ಆ ಗುಂಡಿ ಇರಲಿಲ್ಲ. ಇಲ್ಲ ಅಂತಲೂ ನನಗೆ ಗೊತ್ತಿರಲಿಲ್ಲ. ಯಾಕೆಂದರೆ ನಾನು ಹುಡುಕಲೇ ಇಲ್ಲ. ನಿನ್ನ ಮೇ ತಿಂಗಳ ಕಾಗದ ಓದಿ ಎದ್ದು ಟಿವಿಯ ಮೇಲೆ ಹಳೆಯ ಚಾದರ ಹೊದಿಸಿದೆ. ಆಮೇಲೆ ಕೂತು ನಿನಗೆ ಉತ್ತರ ಬರೆದೆ. ಅಷ್ಟು ಬೇಗ ಈ ಕೈ ಯಾವತ್ತೂ ಬರೆದಿರಲಿಲ್ಲ.

ನಿನಗೆ ನೋವಾಗದಿರಲಿ ಅಂತ ಸುಳ್ಳು ಬರೆದೆ ಅಂದುಕೊಳ್ಳಬೇಡ. ಸ್ವಲ್ಪ ಅದೂ ಇತ್ತು. ಆದರೆ ಜಾಸ್ತಿ ನನಗೋಸ್ಕರ. ಕೈಯದೇ ತಪ್ಪು ಅಂತಾದರೆ, ಕೊಕ್ಕೆಯ ಕೆಳಗಿನವರನ್ನು ನೆನೆದು ಇಳಿದುಬಂದವನು ನಾನು. ಟಿವಿಯದು ಅಂತಾದರೆ, ಕಾರಣವೇ ಇಲ್ಲದೆ ಇಳಿದುಬಂದವನು. ಮೊದಲನೆಯವನಾಗಿ ಗೇಟಿನಲ್ಲಿ ಕೂರಬಹುದು. ಎರಡನೆಯವನಾಗಿ ಕೂರಲು ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಚಾದರ ತೆಗೆದೆ. ಹಲ್ಲುಚಕ್ರ ಒತ್ತಿದೆ. ಹತ್ತು ಎಣಿಸಿದೆ. ಪಟ್ಟಿ ಬಂತು. ನಿಜವಾಗಿ ಬಂತು. ಕೊನೆಯ ಸಾಲಿನಲ್ಲಿ "ಅಂಗಡಿ" ಅಂತಿತ್ತು. ಮನೆ ಮಾಡಿದೆ.

ಗಡಿಯಾರ ಎದುರಿಗೆ ಇಟ್ಟುಕೊಂಡೆ. ಐದು ನಿಮಿಷ ಆಯಿತು. ಬೆಳಕಾಗಲಿಲ್ಲ. ಹತ್ತಾಯಿತು. ಅರ್ಧ ಗಂಟೆಗೆ ಇರುವೆ ನಾನು ಯಾವತ್ತೂ ನೋಡದ ಜಾಗಕ್ಕೆ ಹೋಯಿತು. ಅಲ್ಲಿ ನದಿ ಅಗಲ, ಹಲಗೆ ಸಣ್ಣ. ಒಂದು ಗಂಟೆಗೆ ಮಣಿಕಟ್ಟು ನೋಯತೊಡಗಿತು. ನೋವು ಬೇರೆ, ತಡ ಬೇರೆ. ತಡ ಆಗಲಿಲ್ಲ. ನಿಲ್ಲಿಸಿದಾಗ ಎರಡು ಗಂಟೆ ಹತ್ತು ನಿಮಿಷ. ಬೀಳಲಿಲ್ಲ.

ಇಷ್ಟು ನೀನು ಕೇಳಿದ್ದಕ್ಕೆ.

ಕೇಳದೇ ಇದ್ದದ್ದೂ ಒಂದಿದೆ. ನನ್ನ ಕ್ಯಾಬಿನ್ನಿನಲ್ಲಿ ಈಗ ಒಬ್ಬಳು ಕೂರುತ್ತಾಳೆ, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗೇಟಿನಿಂದ ಕೊಕ್ಕೆ ಕಾಣುತ್ತದೆ. ಚೆನ್ನಾಗಿ ಇಳಿಸುತ್ತಾಳೆ, ನೆಲ ಮುಟ್ಟಿದರೂ ಸದ್ದಾಗುವುದಿಲ್ಲ. ತಪ್ಪು ಹುಡುಕಿದೆ, ಸಿಗಲಿಲ್ಲ. ಆಫೀಸಿನಲ್ಲಿ ಮತ್ತೆ ಪರೀಕ್ಷೆ ಇದೆಯಾ ಅಂತ ವಿಚಾರಿಸಿದೆ. ಸಹಿ ಹಾಕಿದವರಿಗೆ ಇಲ್ಲವಂತೆ. ಸಹಿ ಇದೇ ಕೈಯದ್ದು.

ನೀನು ಟಿವಿ ಆರಿಸಿಕೊಡುವುದನ್ನು ಬಿಡಬೇಡ. ಆರು ನಿಮಿಷ ಅಳೆ.

ಆ ಭಾನುವಾರ ಸಂಜೆ ಮತ್ತೆ ಇರುವೆ ದಾಟುವಾಗ ನಿನ್ನ ಅತ್ತೆ ಮೇಲೆ ಬಂದಳು. ಮಂಕಾದ ಪರದೆ ನೋಡಿ, "ಕೆಟ್ಟುಹೋಯ್ತೇನೋ?" ಅಂದಳು.

"ಇಲ್ಲ ಅಕ್ಕ, ಸರಿಹೋಯ್ತು" ಅಂದೆ.

ಅಪ್ಪ